ಆದೇಶದ ಮೇರೆಗೆ ಸ್ವಇಚ್ಛೆ

ಆರೋಗ್ಯ ಸಂಶೋಧನೆಗೆ ಸ್ವಇಚ್ಛೆಯ ಜನ ಬೇಕಾದಾಗ ನಮ್ಮ ಕಲಬುರಗಿ ಕಡೆ ಮೊದಲು ಗುರಿ ಬರುತ್ತದೆ, ಇಚ್ಛೆ ಆಮೇಲೆ. ‘ಶನಿವಾರದೊಳಗೆ 40 ಜನ’ ಎಂದು ಆಶಾ ಕಾರ್ಯಕರ್ತೆಯ ವಾಟ್ಸ್ಆ್ಯಪ್‌ಗೆ ಬಂತೆಂದರೆ ಊರಿಗೆ ಇಚ್ಛೆ ಹುಟ್ಟಿತೆಂದೇ ಲೆಕ್ಕ.

ಮುಹೂರ್ತಕ್ಕೆ ಡಿಸೆಂಬರ್ ಕೊನೆ ಪ್ರಶಸ್ತ. ತೊಗರಿ ಕೊಯ್ಲಿಗೆ ಊರೆಲ್ಲ ಹೊಲದಲ್ಲಿ. ಚೀಟಿ ಎತ್ತಿ ಆರಿಸಿದ ಮನೆಗೆ ಕೀಲಿ ಬಿದ್ದಿದ್ದರೆ ಸಂಜೆ ಮತ್ತೆ ಹೋಗಬೇಕು. ಆದರೆ ಸಂಜೆ ಜೀಪು ವಾಪಸಾಗಬೇಕಲ್ಲ! ಪಕ್ಕದ ಕಟ್ಟೆಯ ಮೇಲೆ ಕುಂತ ಅಜ್ಜಿ ಸಾಕು. ಕೊನೆಗೆ ಊರಿನ ಆರೋಗ್ಯವೆಂದು ವರದಿಯಾಗುವುದು ಇಂಥ ಅಜ್ಜಿಯರ ಮಂಡಿನೋವು.

ಮಾಹಿತಿ ಪತ್ರ 8 ಪುಟ. ‘ಭಾಗವಹಿಸುವಿಕೆಯಿಂದ ಹಿಂಸರಿಯುವಿಕೆಯ ಹಕ್ಕು’ ಓದುವಾಗ ಸಾಲಿ ಮಾಸ್ತರರಿಗೇ ಉಸಿರು ಕಟ್ಟುತ್ತದೆ. ‘ಬ್ಯಾಡ ಅನಸಿದ್ರ ನಡುವೇ ಬಿಡಬಹುದ್ರಿ’ ಎಂದರೆ ಮುಗಿದೀತು. ಆದರೆ ಜನ ನಿಜವಾಗಿ ಬಿಟ್ಟುಬಿಟ್ಟಾರು. ತಾಂಡಾದಲ್ಲಿ ಲಂಬಾಣಿ ಆಡುವ ಹೆಂಗಸರಿಗೂ ಇದೇ ಕನ್ನಡ. 5 ಎಂಎಲ್ ರಕ್ತವೆಂದರೆ ಒಂದು ಚಹಾ ಚಮಚ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೀಗಾಗಿ ಮಧ್ಯಾಹ್ನದೊಳಗೆ ಅದು ಬಾಟಲಿಯಾಗುತ್ತದೆ, ಸಂಜೆಗೆ ಕಿಡ್ನಿ.

ಓದು ಬಾರದವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿ ಇರಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ. ಜೀಪಿನ ಡ್ರೈವರ್ ಇದ್ದಾರಲ್ಲ! 40 ಹಾಳೆಗೂ ಒಂದೇ ಪೆನ್ನು, ಒಂದೇ ಓರೆ ಸಹಿ. ಒತ್ತಿದವರ ಕೈಗೆ ಸೇರಬೇಕಾದ ಪತ್ರದ ಪ್ರತಿಯೂ ಫೈಲಿನಲ್ಲೇ ಭದ್ರ. ಅವರಿಗೆ ಉಳಿಯುವುದು ಬೆರಳಿನ ನೀಲಿ.

ಇನ್ನು ಶುಗರ್ ತಪಾಸಣೆ. ಕನಿಷ್ಠ 8 ತಾಸು ಖಾಲಿ ಹೊಟ್ಟೆ ಬೇಕು. ಜನ 7ಕ್ಕೇ ಬಂದು ಪಂಚಾಯಿತಿ ಕಟ್ಟೆ ಹಿಡಿಯುತ್ತಾರೆ, ರಕ್ತ ತೆಗೆಯುವವರು 11ಕ್ಕೆ. ನಡುವೆ ಯಾರೋ ಪುಣ್ಯಾತ್ಮರು ಸುಸ್ಲಾ, ಸಕ್ಕರೆ ಮುಂದಾದ ಚಹಾ ಹಂಚಿರುತ್ತಾರೆ. ಕೊಳವೆಗೆ ಮಾತ್ರ ‘ಉಪವಾಸ’ ಎಂಬ ಚೀಟಿ ಅಂಟುತ್ತದೆ. ಒಂದೇ ಬೆಳಿಗ್ಗೆ ಊರಿಗೂರೇ ಶುಗರ್!

ಹೋದ ಕೂಲಿ ಕೇಳಿದರೋ, ದುಡ್ಡು ಕೊಟ್ಟರೆ ಸ್ವಇಚ್ಛೆ ಮೈಲಿಗೆಯಾಗುತ್ತದಂತೆ. ಪ್ರಯಾಣದ ಖರ್ಚು, ಕಳೆದ ಕೂಲಿ ತುಂಬಿಕೊಡಬಹುದೆಂದು ಅದೇ ಮಾರ್ಗಸೂಚಿಯಲ್ಲಿದೆ. ಆ ಪುಟ ತಲುಪುವಷ್ಟರಲ್ಲಿ ಸಾಹೇಬರ ಊಟದ ಹೊತ್ತು.

ಮೂರು ತಿಂಗಳಿಗೆ ಎರಡನೇ ತಪಾಸಣೆ. ಅಷ್ಟೊತ್ತಿಗೆ ಅರ್ಧ ಊರು ಗುಳೆ ಎದ್ದು ಪುಣೆ, ಮುಂಬೈಯಲ್ಲಿ ಗಾರೆ ಹೊರುತ್ತಿರುತ್ತದೆ. ಮೊದಲ ದಿನ ಅವಸರಕ್ಕೆ 40 ಹಾಳೆಗೂ ಬರೆದದ್ದು ಆಶಾ ಕಾರ್ಯಕರ್ತೆಯ ಮೊಬೈಲ್ ನಂಬರನ್ನೇ.

‘17ನೇ ನಂಬರಿನವರು ಅದಾರೇನ್ರಿ?’

‘ಪುಣೆಕ್ಕ ಹೋಗ್ಯಾರ್ರಿ. ನಾ ಆಶಾ ಮಾತಾಡೋದು.’

‘ಅಡ್ಡಿಯಿಲ್ಲ, ನೀವೇ ಬರ್ರಿ. ಖಾಲಿ ಹೊಟ್ಟೀಲಿ.’