ಸ್ಪಷ್ಟನೆ: ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ ವಿಕಿರಣ ಇಲ್ಲ

ಮಂಗಳೂರು, ಉಡುಪಿಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿರುವ ಸಂದೇಶ: ‘ಕೊರೊನಾ ಬಂದುಹೋದ ಮಗುವಿಗೆ ಜ್ವರ, ಹೊಟ್ಟೆನೋವು ಬಂದರೆ ಅದು ಅಪೆಂಡಿಸೈಟಿಸ್ಸೇ, ಸ್ಕ್ಯಾನಿಂಗ್ ಬೇಡ, ವಿಕಿರಣ ತಾಗುತ್ತದೆ.’ ಎರಡೂ ತಪ್ಪು.

ಅಲ್ಟ್ರಾಸೌಂಡ್ ಬರೀ ಶಬ್ದತರಂಗ. ವಿಕಿರಣ ಇರುವುದು ಸಿಟಿ ಸ್ಕ್ಯಾನ್‌ನಲ್ಲಿ. ಅದನ್ನು ಮಾಡಿಸುವುದು ಸಾಮಾನ್ಯವಾಗಿ ಅಲ್ಟ್ರಾಸೌಂಡ್‌ನಿಂದ ಸ್ಪಷ್ಟವಾಗದಿದ್ದಾಗ. ಕೊರೊನಾ ಸೋಂಕಿನ 2ರಿಂದ 6 ವಾರಗಳ ನಂತರ ಬರುವ ಎಂಐಎಸ್-ಸಿ ಎಂಬ ತೀವ್ರ ಉರಿಯೂತವೂ ಬಲಬದಿಯ ಕೆಳಹೊಟ್ಟೆ ನೋಯಿಸಬಹುದು. ಆಗ ಅಲ್ಟ್ರಾಸೌಂಡ್‌ನಲ್ಲಿ ಊದಿದ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್), ಸಣ್ಣಕರುಳಿನ ಕೊನೆಯಲ್ಲಿ ದಪ್ಪಗಾದ ಗೋಡೆ, ಹೊಟ್ಟೆಯೊಳಗೆ ನೀರು, ಕೆಲವೊಮ್ಮೆ ದಪ್ಪಗಾದ ಪಿತ್ತಕೋಶದ ಗೋಡೆ ಕಾಣಬಹುದು. ಅಪೆಂಡಿಕ್ಸ್ ಸರಿಯಿದೆ ಎಂದು ಕಂಡರೆ ಅನಗತ್ಯ ಆಪರೇಷನ್ ತಪ್ಪೀತು. (ಗ್ಯಾಸ್ ತುಂಬಿದ್ದರೆ ಅಪೆಂಡಿಕ್ಸ್ ಕಾಣದೆಯೂ ಹೋಗಬಹುದು.) ಸ್ಕ್ಯಾನಿಂಗ್ ಒಂದರಿಂದಲೇ ಎಂಐಎಸ್-ಸಿ ಎನ್ನಲಾಗದು; ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ), ಟ್ರೋಪೋನಿನ್ (ಹೃದಯಕ್ಕೆ ಹಾನಿ ತೋರಿಸುವ ರಕ್ತಪರೀಕ್ಷೆ), ಹೃದಯದ ಎಕೋ (ಹೃದಯದ ಅಲ್ಟ್ರಾಸೌಂಡ್) ಕೂಡ ಬೇಕು.

ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ.