ತಂತಿಯ ಗೋತ್ರ ಯಾವುದು?

ಅಮೆರಿಕದಲ್ಲಿ ಅಧ್ಯಕ್ಷರು ಬದಲಾದರೆ ಶ್ವೇತಭವನದ ಪರದೆ, ರತ್ನಗಂಬಳಿ ಬದಲಾಗುತ್ತವೆ. ಅದು ಅವರವರ ರುಚಿ. ಜೊತೆಗೆ, 2025ರ ತನಕ, ನೆಲದಡಿ ಹೂತ ಇಂಟರ್ನೆಟ್ ಕೇಬಲ್ಲಿನ ಗೋತ್ರವೂ ಬದಲಾಗುತ್ತಿತ್ತು. ಕೇಬಲ್ ಅದೇ, ಕಂಪನಿ ಅದೇ, ಗೋತ್ರ ಮಾತ್ರ ಬೇರೆ.

ಇರುವ ಗೋತ್ರ ಎರಡೇ. ‘ದೂರಸಂಪರ್ಕ ಸೇವೆ’ ಎಂದರೆ ಟೆಲಿಫೋನಿನ ವಂಶ. 1934ರ ಕಾಯ್ದೆಯ ಪ್ರಕಾರ ಸರ್ಕಾರ ಕಿವಿ ಹಿಂಡಬಹುದು. ‘ಮಾಹಿತಿ ಸೇವೆ’ ಎಂದರೆ ಕಿವಿ ಕ್ಷೇಮ. ಎಲ್ಲ ವೆಬ್‌ಸೈಟನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸು, ದುಡ್ಡು ಕೊಟ್ಟವನಿಗೆ ತುಪ್ಪ, ಕೊಡದವನಿಗೆ ತಿಳಿಸಾರು ಎಂದು ಭೇದ ಮಾಡಬೇಡ ಅಂತ ಕಂಪನಿಗೆ ಹೇಳಬೇಕಾದರೆ (ಇದಕ್ಕೇ ‘ನೆಟ್ ನ್ಯೂಟ್ರಾಲಿಟಿ’ ಎಂದು ಹೆಸರು) ಮೊದಲನೆಯ ಗೋತ್ರವೇ ಆಗಬೇಕು. ಈ ಎರಡು ಪದಗಳಿಗೆ 1996ರಲ್ಲಿ ವ್ಯಾಖ್ಯೆ ಬರೆದ ಅಲ್ಲಿನ ಕಾಂಗ್ರೆಸ್ (ಸಂಸತ್ತು ಸ್ವಾಮಿ, ನಮ್ಮ ಪಕ್ಷವಲ್ಲ) ಆಮೇಲೆ ಈ ವಿಷಯಕ್ಕೆಂದು ಪೆನ್ನಿನ ಮುಚ್ಚಳ ತೆಗೆದಂತಿಲ್ಲ.

ಕಂಪನಿಗಳ ವಾದ ಕೇಳಬೇಕು. ನಾವು ಸಾಗಣೆ ಮಾರುವುದಿಲ್ಲ, ಮಾಹಿತಿ ಮಾರುತ್ತೇವೆ, ಸಾಗಣೆ ಅದರಲ್ಲೇ ಬೆರೆತು ಬರುತ್ತದೆ ಎನ್ನುತ್ತಾರೆ. 2005ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಹೌದೆಂದು ತಲೆಯಾಡಿಸಿತು. ಸರ್ಕಾರಿ ನಿಯಂತ್ರಣವೆಂದರೆ ಮೂಗು ಮುರಿಯುತ್ತಿದ್ದ ನ್ಯಾಯಮೂರ್ತಿ ಸ್ಕಾಲಿಯಾ ಮಾತ್ರ ಭಿನ್ನಮತ ಬರೆದರು. ಪಿಜ್ಜಾ ಅಂಗಡಿಗೆ ಫೋನ್ ಮಾಡಿ ಮನೆಗೆ ತಂದುಕೊಡುತ್ತೀರಾ ಎಂದರೆ, “ಇಲ್ಲ, ಡೆಲಿವರಿ ನಮ್ಮಲ್ಲಿಲ್ಲ, ಆರ್ಡರ್ ಮಾಡಿದರೆ ಬೇಯಿಸಿ ನಿಮ್ಮ ಮನೆಗೆ ತರುತ್ತೇವೆ ಅಷ್ಟೆ” ಎಂದು ಯಾರಾದರೂ ಹೇಳುತ್ತಾರೆಯೇ ಎಂಬುದು ಅವರ ಪ್ರಶ್ನೆ. ಆ ಪಿಜ್ಜಾ ಇಪ್ಪತ್ತು ವರ್ಷದಿಂದ ತಣ್ಣಗಾಗುತ್ತಿದೆ.

ಮುಂದಿನದು ಹಗ್ಗಜಗ್ಗಾಟ. ದೂರಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ (ಅಧ್ಯಕ್ಷರು ಬದಲಾದಂತೆ ಇದರ ಬಹುಮತವೂ ಬದಲು), ಇಂಟರ್ನೆಟ್ ಕಂಪನಿ ಕಾಮ್‌ಕಾಸ್ಟನ್ನು ಗದರಿಸಲು ಹೋದಾಗ 2010ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ನಿನಗೆ ಅಧಿಕಾರವೆಲ್ಲಿದೆ ಎಂದಿತು. 2014ರಲ್ಲಿ ಇನ್ನೊಂದು ಕಂಪನಿ ವೆರೈಜನ್ ಹೂಡಿದ ಮೊಕದ್ದಮೆಯಲ್ಲಿ, ಮಾಹಿತಿ ಸೇವೆ ಎಂದು ನೀನೇ ಕರೆದು ಟೆಲಿಫೋನಿನಂತೆ ದಂಡಿಸಿದರೆ ಹೇಗೆ ಎಂದು ಕೇಳಿತು. ಸರಿ, 2015ರಲ್ಲಿ ಆಯೋಗ 3-2 ಮತಗಳಿಂದ ಗೋತ್ರವನ್ನೇ ದೂರಸಂಪರ್ಕಕ್ಕೆ ಬದಲಿಸಿತು. 2016ರಲ್ಲಿ ಅದೇ ನ್ಯಾಯಾಲಯ ‘ಸರಿ’ ಎಂದಿತು. 2017ರಲ್ಲಿ ಆಯೋಗದ ಹೊಸ ಅಧ್ಯಕ್ಷ ಅಜಿತ್ ಪೈ ಬಂದು (ಪೈ ಎಂದ ಕೂಡಲೇ ಮಂಗಳೂರು, ಉಡುಪಿ ಕಡೆಯವರು ‘ನಮ್ಮವರಲ್ವಾ?’ ಎಂದು ಹತ್ತಿರ ಸರಿದಿರಬೇಕು) ಅದೇ 3-2ರಿಂದ ಹಳೆಯ ಗೋತ್ರಕ್ಕೇ ಸೇರಿಸಿದರು. ಊಟದ ಫೋಟೊ ಹಾಕುವುದಕ್ಕೇನೂ ಅಡ್ಡಿಯಿಲ್ಲ ಎಂದು ಸಾಂತಾಕ್ಲಾಸ್ ವೇಷ ತೊಟ್ಟು ವಿಡಿಯೊದಲ್ಲಿ ಸಮಾಧಾನವನ್ನೂ ಹೇಳಿದರು. 2019ರಲ್ಲಿ ಅದೇ ನ್ಯಾಯಾಲಯ: ‘ಇದೂ ಬಹುಪಾಲು ಸರಿಯೇ’. ಕಾನೂನಿನ ಮಾತು ಮಬ್ಬಾಗಿದ್ದರೆ ಇಲಾಖೆ ಹೇಳುವ ಒಪ್ಪತಕ್ಕ ಅರ್ಥವನ್ನು ಕೋರ್ಟು ಮಾನ್ಯ ಮಾಡಬೇಕೆಂದು 1984ರ ಶೆವ್ರಾನ್ ತೀರ್ಪು ಹೇಳಿತ್ತಲ್ಲ! ಒಂದೇ ಜಾತಕ ನೋಡಿ ಒಮ್ಮೆ ಮದುವೆ ಆಗಬಹುದು, ಇನ್ನೊಮ್ಮೆ ಆಗಕೂಡದು ಎಂದ ಜೋಯಿಸರು ಎರಡು ಸಲವೂ ದಕ್ಷಿಣೆ ಎಣಿಸಿಕೊಂಡ ಹಾಗೆ.

ಜನಾಭಿಪ್ರಾಯ ಕೇಳಲಿಲ್ಲವೇ? ಕೇಳಿದರು. 2017ರಲ್ಲಿ 2.2 ಕೋಟಿಗೂ ಹೆಚ್ಚು ಬಂದವು. ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್‌ನ ಅಟಾರ್ನಿ ಜನರಲ್ 2021ರಲ್ಲಿ ವರದಿ ಕೊಟ್ಟರು. ನಿಯಮ ಬೇಡವೆನ್ನುವ 85 ಲಕ್ಷ ಬ್ರಾಡ್‌ಬ್ಯಾಂಡ್ ಉದ್ಯಮದ ದುಡ್ಡಿನಲ್ಲಿ ಹುಟ್ಟಿದ್ದವು. ನಿಯಮ ಬೇಕೆನ್ನುವ 77 ಲಕ್ಷವನ್ನು 19 ವರ್ಷದ ಒಬ್ಬ ಕಾಲೇಜು ಹುಡುಗ ತಾನೊಬ್ಬನೇ ಕಳಿಸಿದ್ದ. ಕಂಪನಿಗಳು ಇಷ್ಟು ದುಡ್ಡು ಸುರಿದು ಮಾಡಿದ್ದನ್ನು ಹುಡುಗ ಪುಕ್ಕಟೆ ಮಾಡಿಬಿಟ್ಟ! ಸತ್ತವರು ವೋಟು ಹಾಕುವುದು ನಮ್ಮ ಊರಿನಲ್ಲಷ್ಟೇ ಎಂದುಕೊಂಡು ನಾವು ಸುಮ್ಮನೆ ನಾಚುತ್ತಿದ್ದೆವು.

2024ರ ಏಪ್ರಿಲ್‌ನಲ್ಲಿ ಗೋತ್ರ ಮತ್ತೆ ಬದಲು. ಎಷ್ಟು ಮತ? ಕೇಳುವುದೇ ಬೇಡ, 3-2. ಬೇರೆ ಬೇರೆ ಕೋರ್ಟುಗಳಲ್ಲಿ ದಾವೆ ಬಿದ್ದವು. ಯಾರು ಕೇಳಬೇಕೆಂದು ಕಾನೂನಿನಂತೆಯೇ ಲಾಟರಿ ಎತ್ತಿದರು, ಸಿನ್ಸಿನಾಟಿಯ ಆರನೇ ಸರ್ಕ್ಯೂಟಿಗೆ (ಅದೂ ಒಂದು ಮೇಲ್ಮನವಿ ನ್ಯಾಯಾಲಯ) ಹೊಡೆಯಿತು. ಅಷ್ಟರಲ್ಲಿ ಜೂನ್ 28ರಂದು ಸುಪ್ರೀಂ ಕೋರ್ಟು ಶೆವ್ರಾನನ್ನೇ ಮಣ್ಣು ಮಾಡಿ, ಕಾನೂನಿಗೆ ಅರ್ಥ ಹೇಳುವುದು ನ್ಯಾಯಾಧೀಶರ ಕೆಲಸ ಎಂದಿತು. 2025ರ ಜನವರಿ 2ರಂದು ಆರನೇ ಸರ್ಕ್ಯೂಟ್ ಹೇಳಿತು: ಮಾಹಿತಿ ಸೇವೆಯೇ ಸೈ, ಆಯೋಗಕ್ಕೆ ಅಧಿಕಾರವಿಲ್ಲ.

ಕಂಪನಿಗಳಿಗೆ ಹಬ್ಬ. ಹೋಳಿಗೆಯ ಜೊತೆ ಒಂದು ಕಲ್ಲೂ ಸಿಕ್ಕಿತು. ಕ್ಯಾಲಿಫೋರ್ನಿಯಾ 2018ರಲ್ಲೇ ತನ್ನದೇ ನೆಟ್ ನ್ಯೂಟ್ರಾಲಿಟಿ ಕಾಯ್ದೆ ಮಾಡಿಕೊಂಡಿತ್ತು. ಇದು ಕೇಂದ್ರದ ವ್ಯಾಪ್ತಿ, ರಾಜ್ಯಕ್ಕೆ ಇಲ್ಲೇನು ಕೆಲಸ ಎಂದು ಕಂಪನಿಗಳ ಸಂಘಗಳು ದಾವೆ ಹೂಡಿದವು. ಮಾಹಿತಿ ಸೇವೆ ಎಂದು ಕರೆದು ಕೇಂದ್ರ ತನ್ನ ಅಧಿಕಾರವನ್ನು ತಾನೇ ಬಿಟ್ಟುಕೊಟ್ಟಿದೆ, ಇಲ್ಲದ ಅಧಿಕಾರದಿಂದ ರಾಜ್ಯದ ಕೈ ಹಿಡಿಯುವುದು ಹೇಗೆ ಎಂದು ಒಂಬತ್ತನೇ ಸರ್ಕ್ಯೂಟ್ 2022ರ ಜನವರಿಯಲ್ಲಿ ಕೇಳಿತು. ಹಾಗಾಗಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಮನೆ ಮಾಡಿರುವ ನಮ್ಮ ಹುಡುಗರ ತಂತಿಗೆ ಒಂದು ಕಾವಲಿದೆ. ಗಡಿ ದಾಟಿ ನೆವಾಡಾ ರಾಜ್ಯದ ರೆನೋಗೆ ಮನೆ ಬದಲಿಸಿದರೆ ಆ ಕಾವಲಿಲ್ಲ. ಒಬ್ಬ ಯಜಮಾನ ಬೇಡವೆಂದು ಇಪ್ಪತ್ತು ವರ್ಷ ಬಡಿದಾಡಿ ಗೆದ್ದ ಕಂಪನಿಗಳ ವಕೀಲರು ಈಗ ಐವತ್ತು ರಾಜ್ಯಗಳ ಪಂಚಾಂಗ ತಿರುವಿಹಾಕುತ್ತಾ ಕೂರಬೇಕು. ವಕೀಲರೇನೂ ಬೇಸರ ಮಾಡಿಕೊಂಡಿಲ್ಲ.