22 ಸೆಕೆಂಡಿನ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಫೇಮಸ್ ಆಗಿದ್ದಾರೆ. ಫೋನಿನಲ್ಲಿ ಹಸಿರು ಬಟನ್, ಕೆಂಪು ಬಟನ್ ಬಿಟ್ಟರೆ ಅವರಿಗೆ ಬೇರೇನೂ ಗೊತ್ತಿಲ್ಲ.

ಆಗಿದ್ದಿಷ್ಟು. ತಿಪಟೂರಿನಲ್ಲಿ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಿದ್ದಾರೆ. ಇವರು ಹತ್ತಿ ಬರುವಷ್ಟರಲ್ಲಿ ಇನ್ನೊಬ್ಬ ಹೆಂಗಸು ಟವೆಲ್ ಪಕ್ಕಕ್ಕೆ ಸರಿಸಿ ಕೂತಾಗಿದೆ. "ನಿಮ್ಮಪ್ಪನ ಮನೆ ಸೀಟಾ?" "ನಿಮ್ಮಪ್ಪಂದಾ?" ನಮ್ಮ ಕಡೆ ಬಸ್ಸಲ್ಲಿ ದಿನಾ ಆಗುವ ಜಗಳ. ಹಿಂದೆ ನಿಂತಿದ್ದ ಯಾರೋ ಫೋನ್ ಎತ್ತಿದ್ದಾನೆ. ಸಂಜೆ ಹೊತ್ತಿಗೆ 22 ಸೆಕೆಂಡಿನ ರೀಲ್ ರೆಡಿ. ಕಾಮಿಡಿ ಮ್ಯೂಸಿಕ್, ಮೇಲೆ "ಫ್ರೀ ಬಸ್ ಎಫೆಕ್ಟ್" ಅಂತ ದಪ್ಪಕ್ಷರ. ದೊಡ್ಡಮ್ಮನ ಬಾಯಿಂದ ಎಲೆಅಡಿಕೆ ರಸ ಹಾರುತ್ತಲ್ಲ, ಅಲ್ಲಿ ಸ್ಲೋ ಮೋಷನ್.

ಅವರ ಮೊಮ್ಮಗನಿಗೆ ಅದನ್ನು ತೋರಿಸಿದ್ದು ಅವನ ಕ್ಲಾಸಿನ ಹುಡುಗರು. ಅವನು ಅಜ್ಜಿಗೆ ತೋರಿಸಿದ. ದೊಡ್ಡಮ್ಮ ಎರಡು ಸಲ ನೋಡಿ ನನಗೆ ಫೋನ್ ಮಾಡಿದರು. "ಅವಳೇ ಕಣೋ ಆಮೇಲೆ ಸರಿದು ಜಾಗ ಕೊಟ್ಟಳು. ಇಳಿಯೋವಾಗ ನನ್ನ ಚೀಲನೂ ಕೆಳಗೆ ಕೊಟ್ಟಳು. ಅದ್ಯಾಕೆ ಹಾಕಿಲ್ಲ ಅವನು?"

ಇದಕ್ಕೆ ನಾನೇನು ಹೇಳಲಿ? ಚೀಲ ಇಳಿಸಿಕೊಟ್ಟಿದ್ದಕ್ಕೆ ವ್ಯೂಸ್ ಬರಲ್ಲ ದೊಡ್ಡಮ್ಮ ಅಂತಲಾ?

ರಿಪೋರ್ಟ್ ಮಾಡಿದೆ. ನಿಯಮ ಮೀರಿಲ್ಲ ಅಂತ ಉತ್ತರ ಬಂತು. ಪೇಜಿನವನಿಗೆ ಮೆಸೇಜ್ ಹಾಕಿದೆ, ಇವರು ನಮ್ಮ ಮನೆಯವರು, ದಯವಿಟ್ಟು ತೆಗೀರಿ ಅಂತ. "ಪಬ್ಲಿಕ್ ಪ್ಲೇಸ್ ಬ್ರೋ" ಅಂದ, ಅಷ್ಟೇ.

ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಐಟಿ ಕಾಯ್ದೆಯ 66ಇ ಸೆಕ್ಷನ್ ಇರುವುದು ಮೈಯ ಖಾಸಗಿ ಭಾಗಗಳನ್ನು ಕದ್ದು ಚಿತ್ರ ತೆಗೆಯುವವರಿಗೆ. ಟವೆಲ್ ಜಗಳ ಅದರೊಳಗೆ ಬರಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ದೊಡ್ಡದೇ ಬಿಡಿ. ಆದರೆ ಸರ್ಕಾರದ ಮುಂದೆ ಹಿಡಿಯುವ ಆ ತೀರ್ಪನ್ನು ಬಸ್ಸಿನ ಹಿಂದಿನ ಸೀಟಿನ ಹುಡುಗನ ಮುಂದೆ ಹಿಡಿಯೋದು ಹೇಗೆ?

2025ರ ಮೇನಲ್ಲಿ ನಮ್ಮ ಮೆಟ್ರೋದ ಸುದ್ದಿ ನೆನಪಿರಬಹುದು. ಹೆಣ್ಣುಮಕ್ಕಳಿಗೆ ಗೊತ್ತೇ ಆಗದ ಹಾಗೆ ವಿಡಿಯೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದವನದು. ಊರೆಲ್ಲ ಬೈದರು, ಪೊಲೀಸರು ಕೇಸ್ ಹಾಕಿ ಹಿಡಿದರು. ಸರಿಯಾಗೇ ಆಯ್ತು. ದೊಡ್ಡಮ್ಮನ ರೀಲಿನ ಕೆಳಗೆ ಮಾತ್ರ ಬೈದವರು ಒಬ್ಬರೂ ಇಲ್ಲ. ಅಲ್ಲೂ ಗೊತ್ತಿಲ್ಲದೇ ತೆಗೆದಿದ್ದು, ಇಲ್ಲೂ ಗೊತ್ತಿಲ್ಲದೇ ತೆಗೆದಿದ್ದು. ಆದರೆ ಅರವತ್ತು ದಾಟಿದ ಹಳ್ಳಿ ಹೆಂಗಸು, ಸೆರಗು ಸಿಕ್ಕಿಸಿಕೊಂಡು ಕೂಗಾಡುತ್ತಿದ್ದರೆ ನಮಗದು ಕಾಮಿಡಿ. ನನಗೆ ಜಾಸ್ತಿ ನೋವಾಗಿದ್ದು ಇದೇ.

ಲಂಚ ಕೇಳುವವನ ವಿಡಿಯೋ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಮಾಡಿ, ಧಾರಾಳವಾಗಿ ಮಾಡಿ. ಅಲ್ಲಿ ಕೈಯಲ್ಲಿ ಅಧಿಕಾರ ಇರುವವನು ಅವನು. ಬಸ್ಸಲ್ಲಿ ಫೋನ್ ಇದ್ದವನೇ ಅಧಿಕಾರಿ. ದೊಡ್ಡಮ್ಮನ ಕೈಯಲ್ಲಿದ್ದಿದ್ದು ಟವೆಲ್ಲು.

ಜಪಾನಿನಲ್ಲಿ ಮಾರುವ ಫೋನುಗಳಲ್ಲಿ ಫೋಟೋ ತೆಗೆದರೆ ಕ್ಲಿಕ್ ಅಂತ ಸದ್ದು ಬರುತ್ತೆ, ಸೈಲೆಂಟ್‌ನಲ್ಲಿಟ್ಟರೂ ಬರುತ್ತೆ. 2000ನೇ ಇಸವಿ ಹೊತ್ತಿಗೆ ಕ್ಯಾಮೆರಾ ಫೋನ್ ಬಂದಾಗಿನಿಂದ ಇರುವ ಪದ್ಧತಿ. ಕಾನೂನೇನಲ್ಲ. ಕದ್ದು ತೆಗೆಯುವವರ ಕಾಟ ಬೇಡ ಅಂತ ಕಂಪನಿಗಳೇ ಇಟ್ಟುಕೊಂಡಿದ್ದು. ಅಷ್ಟಕ್ಕೇ ಎಲ್ಲ ಸರಿಹೋಯ್ತು ಅಂತಲ್ಲ. ಎದುರಿಗಿರುವ ಮನುಷ್ಯನಿಗೆ ಗೊತ್ತಾಗಲಿ ಅಂತ ಯಾರೋ ಕೂತು ಯೋಚನೆ ಮಾಡಿದರಲ್ಲ, ಅದು ನನಗೆ ಹಿಡಿಸಿತು. ಈಗ ಕ್ಯಾಮೆರಾ ಇರುವ ಕನ್ನಡಕ ನಮ್ಮಲ್ಲೂ ಸಿಗುತ್ತೆ. ರೆಕಾರ್ಡ್ ಆಗುವಾಗ ಫ್ರೇಮಿನ ಮೂಲೆಯಲ್ಲಿ ಸಣ್ಣದೊಂದು ಲೈಟ್ ಹತ್ತುತ್ತಂತೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ, ಕಣ್ಣಿಗೆ ಪೊರೆ ಬಂದಿರುವ ದೊಡ್ಡಮ್ಮ ಆ ಲೈಟ್ ನೋಡಿ "ಓ, ರೆಕಾರ್ಡಿಂಗು" ಅಂತ ಸೆರಗು ಸರಿಮಾಡಿಕೊಳ್ಳಬೇಕು. ಆಗೋ ಮಾತಾ?

ಹಿಂದೆಲ್ಲ ನಮ್ಮೂರಿಗೆ ಜಾತ್ರೆಗೆ ಬರುತ್ತಿದ್ದ ಫೋಟೋದವನು "ಸ್ವಲ್ಪ ತಲೆ ಎತ್ತಿ ಅಮ್ಮ" ಅನ್ನುತ್ತಿದ್ದ. ದುಡ್ಡು ನಾವು ಕೊಡುತ್ತಿದ್ದೆವು, ಫೋಟೋ ನಮ್ಮನೆ ಗೋಡೆಗೇ ಬರುತ್ತಿತ್ತು.

ದೊಡ್ಡಮ್ಮ ಈಗ ಸಂತೆಗೆ ಹೋಗಬೇಕಾದರೆ ಮೂವತ್ತು ರೂಪಾಯಿ ಕೊಟ್ಟು ಶೇರ್ ಆಟೋದಲ್ಲಿ ಹೋಗುತ್ತಾರೆ. ಕೇಳಿದರೆ "ಬಸ್ಸು ಸರಿಯಾದ ಟೈಮಿಗೆ ಬರಲ್ಲ ಕಣೋ" ಅಂತಾರೆ.

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದು ವಿಷಯ ಮುಚ್ಚಿಟ್ಟರೆ ಚೆನ್ನಾಗಿರಲ್ಲ. ಹೆಂಗಸರಿಗೆ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಆ ವಾರವೆಲ್ಲ ಬಸ್ಸಿನ ನೂಕಾಟದ ವಿಡಿಯೋಗಳೇ ಬರುತ್ತಿದ್ದವು. ಮೊನ್ನೆ ರಾತ್ರಿ ಯಾಕೋ ನಮ್ಮ ಕಾಲೇಜು ಗೆಳೆಯರ ವಾಟ್ಸ್ಆ್ಯಪ್ ಗ್ರೂಪನ್ನು ಮೇಲಕ್ಕೆ ಜಗ್ಗುತ್ತಾ ಹೋದೆ. ಸಿಕ್ಕಿತು. ಹಳದಿ ಸೀರೆಯ ಹೆಂಗಸು, ಒಂದು ಕಾಲು ಕಿಟಕಿಯೊಳಗೆ, ಒಂದು ಹೊರಗೆ. ಕೆಳಗೆ ನಾಲ್ಕು ನಗುವ ಮುಖ. ಹಾಕಿದವನು ನಾನೇ.

ಅಳಿಸೋಣ ಅಂತ ಒತ್ತಿ ಹಿಡಿದೆ. ಎಲ್ಲರ ಫೋನಿಂದಲೂ ತೆಗೆಯುವ ಅವಧಿ ಮುಗಿದು ವರ್ಷಗಳೇ ಆಗಿವೆ. ನನ್ನ ಫೋನಿಂದ ಮಾತ್ರ ಹೋಯಿತು. ಅವರು ಯಾವ ಊರಿನವರೋ, ಈಗ ಬಸ್ಸು ಹತ್ತುತ್ತಾರೋ ಇಲ್ಲವೋ.